ಅರವತ್ತರ ಮೇಲಿನ ಪಾಠಕ್ಕೆ ನಿಧಾನ ಬೇಕು, ಸುಲಭ ಬೇಡ

ನಮ್ಮ ಬಡಾವಣೆಯಲ್ಲಿ ಎರಡು ವರ್ಷದ ಹಿಂದೆ ಹಿರಿಯರಿಗೆ ಮೊಬೈಲ್ ಕಲಿಸುವ ತರಗತಿ ಶುರುವಾಯಿತು. ಮೊದಲ ದಿನ 38 ಜನ ಬಂದರು. ಕುರ್ಚಿ ಸಾಲದೆ ಪಕ್ಕದ ದೇವಸ್ಥಾನದಿಂದ ಹೊತ್ತು ತಂದೆವು. ಕಲಿಸಲು ಬಂದ ಹುಡುಗ ಒಳ್ಳೆಯವನೇ. ಪ್ರೊಜೆಕ್ಟರ್ ಹಾಕಿದ, ಚಕಚಕ ಅಂತ ಸ್ಲೈಡ್ ತೋರಿಸಿದ. ವಾಟ್ಸ್‌ಆ್ಯಪ್, ಯುಪಿಐ, ಮ್ಯಾಪ್, ರೈಲು ಟಿಕೆಟ್ ನಾಲ್ಕನ್ನೂ ಒಂದೇ ಗಂಟೆಯಲ್ಲಿ ಮುಗಿಸಿದ. ಮೂರನೇ ವಾರಕ್ಕೆ ಉಳಿದವರು ಆರೇ ಜನ. "ವಯಸ್ಸಾಯ್ತಲ್ವಾ ಸಾರ್, ತಲೆಗೆ ಹತ್ತಲ್ಲ" ಅಂತ ನನ್ನ ಹತ್ತಿರ ಹೇಳಿಕೊಂಡ.

ನನಗೆ ಆ ಮಾತು ಸರಿ ಅನಿಸಲಿಲ್ಲ. ಯಾಕೆಂದರೆ ಆ 38 ಜನರಲ್ಲಿ ಹತ್ತು ಹನ್ನೆರಡು ಮಂದಿ ಪ್ರತಿ ಗುರುವಾರ ಸಂಜೆ ಅದೇ ಹಾಲ್‌ನಲ್ಲಿ ಗಮಕ ಕಲಿಯುತ್ತಾರೆ. ಕುಮಾರವ್ಯಾಸನ ಷಟ್ಪದಿಗಳು, ವಾರಕ್ಕೆ ಎರಡು, ಬಾಯಿಪಾಠ ಆಗಬೇಕು. ಅವರಲ್ಲಿ ಒಬ್ಬರು ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವರು, 72 ವರ್ಷ. ಹಳೆಯ ಕಾವ್ಯವನ್ನು ಮುಟ್ಟಿದವರೇ ಅಲ್ಲ. ಈಗ ರಾಗ ಹಾಕಿ, ಪುಸ್ತಕ ಮುಚ್ಚಿ, ಸಲೀಸಾಗಿ ಹೇಳುತ್ತಾರೆ. ಅದೇ ಹಾಲ್, ಅದೇ ತಲೆ. ನಡುಗನ್ನಡದ ಪದ್ಯ ಹತ್ತುತ್ತದೆ, ಮೊಬೈಲ್ ಹತ್ತುವುದಿಲ್ಲ. ಹಾಗಾದರೆ ತಕರಾರು ತಲೆಯದ್ದಲ್ಲ, ಅಲ್ವಾ?

ನಮ್ಮ ದೇಶದಲ್ಲಿ ಅರವತ್ತು ದಾಟಿದವರು ಸರಾಸರಿ ಇನ್ನೂ ಸುಮಾರು 18 ವರ್ಷ ಬದುಕುತ್ತಾರೆ. ಒಂದನೇ ಕ್ಲಾಸಿನಿಂದ ಡಿಗ್ರಿ ಮುಗಿಸುವುದಕ್ಕೆ ಹಿಡಿಯುವುದು 15 ವರ್ಷ. ಅಂದರೆ ಒಬ್ಬ ಮನುಷ್ಯನ ಇಡೀ ಓದಿಗಿಂತ ಜಾಸ್ತಿ ಸಮಯ ನಿವೃತ್ತಿಯ ಆಚೆ ಕಾದಿರುತ್ತದೆ. ಅದಕ್ಕೆ ನಾವು ಕೊಡುವುದೇನು? ಪಾರ್ಕಿನ ಬೆಂಚು, ಟಿವಿ ಧಾರಾವಾಹಿ, ವರ್ಷಕ್ಕೊಂದು ಹಿರಿಯ ನಾಗರಿಕರ ದಿನಾಚರಣೆ.

ಮೊದಲು ತಲೆಯ ವಿಚಾರ. ವಯಸ್ಸಾದಂತೆ ಬುದ್ಧಿ ಇಡಿಯಾಗಿ ಕುಗ್ಗುವುದಿಲ್ಲ. ಒಂದು ಭಾಗ ಕುಗ್ಗುತ್ತದೆ, ಇನ್ನೊಂದು ಬೆಳೆಯುತ್ತಲೇ ಇರುತ್ತದೆ. ರೇಮಂಡ್ ಕ್ಯಾಟೆಲ್ ಮತ್ತು ಜಾನ್ ಹಾರ್ನ್ ಎಂಬ ಮನಶ್ಶಾಸ್ತ್ರಜ್ಞರು 1960ರ ದಶಕದಲ್ಲಿ ಇವೆರಡನ್ನು ಬೇರೆ ಮಾಡಿ ತೋರಿಸಿದರು. ಮೊದಲನೆಯದನ್ನು ಹರಿಯುವ ಬುದ್ಧಿ ಅನ್ನಬಹುದು. ಹಿಂದೆಂದೂ ನೋಡದ ಸಮಸ್ಯೆಯನ್ನು ಆ ಕ್ಷಣದಲ್ಲೇ ಬಿಡಿಸುವ ಚುರುಕು ಅದು. ಇದು ಯೌವನದಲ್ಲೇ ತುದಿ ಮುಟ್ಟಿ ಆಮೇಲೆ ನಿಧಾನವಾಗಿ ಇಳಿಯುತ್ತದೆ. ಎರಡನೆಯದು ಹರಳುಗಟ್ಟಿದ ಬುದ್ಧಿ. ಪದಸಂಪತ್ತು, ಕಸುಬಿನ ತಿಳಿವಳಿಕೆ, ಜನರನ್ನು ಅಳೆಯುವ ಅಂದಾಜು ಎಲ್ಲ ಇದರೊಳಗೆ ಬರುತ್ತವೆ. ಇದು ಅರವತ್ತರವರೆಗೂ ಏರುತ್ತದೆ, ಅಲ್ಲಿಂದಾಚೆಗೂ ಬಹಳ ಕಾಲ ನಿಲ್ಲುತ್ತದೆ. ಪದಬಂಧ ಬಿಡಿಸಲು ಮೊಮ್ಮಗನಿಗಿಂತ ಅಜ್ಜ ಗಟ್ಟಿಗ ಆಗಿರುವುದು ಇದರಿಂದಲೇ.

ಇನ್ನೊಂದು ಬದಲಾವಣೆ ಇದೆ. ಒಂದೇ ಹೊತ್ತಿನಲ್ಲಿ ಎಷ್ಟು ವಿಷಯ ಮನಸ್ಸಿನಲ್ಲಿ ಹಿಡಿದುಕೊಳ್ಳಬಹುದು ಎಂಬುದು ಕಡಿಮೆಯಾಗುತ್ತದೆ. ಒಲೆಯ ಹಾಗೆ ಅಂದುಕೊಳ್ಳಿ. ಇಪ್ಪತ್ತೈದರಲ್ಲಿ ನಾಲ್ಕು ಬರ್ನರ್ ಇದ್ದವು, ಅರವತ್ತೈದರಲ್ಲಿ ಎರಡು ಉರಿಯುತ್ತಿವೆ. ಅಡುಗೆ ಚೆನ್ನಾಗಿಯೇ ಆಗುತ್ತದೆ, ಆದರೆ ನಾಲ್ಕು ಪಾತ್ರೆ ಒಟ್ಟಿಗೆ ಇಡಲು ಆಗುವುದಿಲ್ಲ. ನಮ್ಮ ಹುಡುಗ ಮಾಡಿದ್ದು ಅದನ್ನೇ. "ಇಲ್ಲಿ ಒತ್ತಿ, ಆಮೇಲೆ ಮೂರು ಚುಕ್ಕೆ ಇದೆಯಲ್ಲ ಅದನ್ನ ಒತ್ತಿ, ಸೆಟ್ಟಿಂಗ್ಸ್‌ಗೆ ಹೋಗಿ, ಪ್ರೈವೆಸಿ ತೆಗೀರಿ" ಅಂತ ಒಂದೇ ಉಸಿರಲ್ಲಿ ನಾಲ್ಕು ಹೆಜ್ಜೆ. ಮೂರನೆಯದು ಕೇಳುವಷ್ಟರಲ್ಲಿ ಮೊದಲನೆಯದು ಸೀದು ಹೋಗಿರುತ್ತದೆ.

ಇವೆರಡಕ್ಕಿಂತ ದೊಡ್ಡ ಕಾರಣ ಕಿವಿ ಅಂತ ನನಗೆ ಅನಿಸುತ್ತದೆ. ಇದರ ಬಗ್ಗೆ ಯಾರೂ ಮಾತಾಡುವುದೇ ಇಲ್ಲ. ವಯಸ್ಸಿನ ಕಿವುಡು ಎಲ್ಲ ಸದ್ದನ್ನೂ ಒಂದೇ ಸಮ ತಗ್ಗಿಸುವುದಿಲ್ಲ. ಮೊದಲು ಹೋಗುವುದು ತಾರಕದ ಸದ್ದುಗಳು. ಸ್ವರಗಳು ಸಾಮಾನ್ಯವಾಗಿ ತಗ್ಗಿನ ಸದ್ದು, ಅವು ಉಳಿಯುತ್ತವೆ. ಕ, ತ, ಪ, ಸ, ಶ ಇಂಥ ವ್ಯಂಜನಗಳ ಗುರುತು ಇರುವುದು ಮೇಲಿನ ಸದ್ದಿನಲ್ಲಿ, ಅವು ಮಸುಕಾಗುತ್ತವೆ. ಕಡೆ, ತಡೆ, ಪಡೆ ಮೂರೂ ಒಂದೇ ಥರ ಕೇಳಿಸುತ್ತವೆ. ಕಾಲು, ಪಾಲು, ಸಾಲು ಕೂಡ ಹಾಗೇ. "ಮಾತಾಡ್ತಿರೋದು ಕೇಳಿಸುತ್ತೆ, ಏನು ಅಂತ ಗೊತ್ತಾಗಲ್ಲ" ಎಂದು ಮನೆಯ ಹಿರಿಯರು ಹೇಳುವುದು ನೂರಕ್ಕೆ ನೂರು ನಿಜ.

ಇಲ್ಲಿ ಕಿರುಚಿದರೆ ಪ್ರಯೋಜನವಿಲ್ಲ. ಕಿರುಚಿದಾಗ ಜೋರಾಗುವುದು ಸ್ವರಗಳೇ. ಬೇಕಾದದ್ದು ಮುಖ ಕಾಣಿಸುವ ಬೆಳಕು, ಬಿಡಿಸಿ ಆಡುವ ಮಾತು, ಗರಗರ ಅನ್ನುವ ಫ್ಯಾನ್ ಆರಿಸುವುದು. ಪ್ರೊಜೆಕ್ಟರ್ ಹಾಕಲು ಲೈಟ್ ಆರಿಸಿದರೆ ತುಟಿ ಓದುವ ದಾರಿಯೂ ಮುಚ್ಚಿಹೋಗುತ್ತದೆ. ಕಣ್ಣಿನ ಕಥೆಯೂ ಇದಕ್ಕೆ ಸೇರಿಕೊಳ್ಳುತ್ತದೆ. ಅರವತ್ತರ ಕಣ್ಣಿನ ಒಳಗೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ತಲುಪುವುದರ ಮೂರನೇ ಒಂದು ಭಾಗದಷ್ಟೇ. ಹಾಗಾಗಿ "ಮರೆತುಬಿಟ್ಟರು" ಅಂತ ನಾವು ಅನ್ನುವ ಎಷ್ಟೋ ವಿಷಯ ಅವರ ಒಳಗೆ ಹೋಗಿಯೇ ಇರುವುದಿಲ್ಲ. ಹೋಗದೇ ಇದ್ದದ್ದನ್ನು ಮರೆಯುವುದು ಹೇಗೆ?

ಈಗ ಗುರುವಾರದ ಗಮಕಕ್ಕೆ ಬನ್ನಿ. ಅಲ್ಲಿ ಏನು ನಡೆಯುತ್ತದೆ ಅಂತ ಗಮನಿಸಿದರೆ ಅರ್ಧ ಉತ್ತರ ಸಿಗುತ್ತದೆ.

ಭಾಮಿನಿ ಷಟ್ಪದಿಯಲ್ಲಿ ಆರು ಸಾಲು. ಮಾತ್ರೆಗಳು ಮೂರು, ನಾಲ್ಕು, ಮೂರು, ನಾಲ್ಕು ಅಂತ ನಡೆಯುತ್ತವೆ. ಮೂರನೇ ಮತ್ತು ಆರನೇ ಸಾಲು ಉದ್ದ. ಆರೂ ಸಾಲಿನ ಎರಡನೇ ಅಕ್ಷರ ಒಂದೇ ಇರಬೇಕು, ಅದು ಆದಿಪ್ರಾಸ. ಇದು ಬರೀ ಅಲಂಕಾರ ಅಲ್ಲ. ಮುಂದಿನ ಸಾಲು ಮರೆತರೆ ಎರಡನೇ ಅಕ್ಷರ ಕೈಹಿಡಿದು ಎಳೆಯುತ್ತದೆ. ಲಯ ತಪ್ಪಿದರೆ ಪದ ತಪ್ಪಿದೆ ಅಂತ ಕಿವಿಯೇ ಹೇಳುತ್ತದೆ. ಪದ್ಯ ಒಂದೊಂದು ಪದವಾಗಿ ತಲೆಯಲ್ಲಿ ಕೂರುವುದಿಲ್ಲ, ಗೊಂಚಲಾಗಿ ಕೂರುತ್ತದೆ. ಎರಡೇ ಬರ್ನರ್ ಇರುವ ಒಲೆಗೆ ಇದು ಹೇಳಿ ಮಾಡಿಸಿದ್ದು. ಜೊತೆಗೆ ಒಬ್ಬರು ವಾಚನ ಮಾಡಿದರೆ ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ಅರ್ಥ ಹೇಳುವಾಗ ಎಪ್ಪತ್ತು ವರ್ಷದ ಬದುಕು ಕೆಲಸಕ್ಕೆ ಬರುತ್ತದೆ. ದಾಯಾದಿ ಜಗಳ ಏನು ಅಂತ ಕ್ಯಾಷಿಯರ್ ಸಾಹೇಬರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಅಲ್ಲಿ ಇನ್ನೊಂದು ಕ್ರಮ ಇದೆ, ಪಾಠ ಒಪ್ಪಿಸುವುದು. ಹೋದ ವಾರದ ಪದ್ಯವನ್ನು ಪುಸ್ತಕ ನೋಡದೆ ಒಪ್ಪಿಸಿದ ಮೇಲೆಯೇ ಹೊಸದು. ನಾವೆಲ್ಲ ಇದನ್ನು ಹಳೇ ಕಾಲದ ಗಿಳಿಪಾಠ ಅಂತ ನಕ್ಕವರೇ. ಆದರೆ ನೆನಪಿನ ಸಂಶೋಧನೆ ಮತ್ತೆ ಮತ್ತೆ ತೋರಿಸಿದ ವಿಷಯ ಇದೇ. ಇನ್ನೊಮ್ಮೆ ಓದುವುದಕ್ಕಿಂತ, ಓದಿದ್ದನ್ನು ನೋಡದೆ ನೆನಪಿಸಿಕೊಳ್ಳಲು ಒದ್ದಾಡಿದರೆ ಅದು ಜಾಸ್ತಿ ಕಾಲ ಉಳಿಯುತ್ತದೆ. ಜರ್ಮನಿಯ ಹೆರ್ಮನ್ ಎಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು, ಒಂದೇ ದಿನ ಉರು ಹೊಡೆಯುವುದಕ್ಕಿಂತ ಬಿಡುವು ಕೊಟ್ಟು ಮತ್ತೆ ಮತ್ತೆ ಕಲಿತರೆ ಶ್ರಮ ಕಡಿಮೆ ಅಂತ ಬರೆದ. ವಾರಕ್ಕೊಮ್ಮೆ ಒಪ್ಪಿಸುವ ಪದ್ಧತಿಯಲ್ಲಿ ಈ ಎರಡೂ ಇವೆ.

ಇಷ್ಟು ಹೇಳಿದ ತಕ್ಷಣ ಒಂದು ಪ್ರಶ್ನೆ ಬಂದೇ ಬರುತ್ತದೆ. ಕಲಿತರೆ ಮರೆವಿನ ಕಾಯಿಲೆ ಬರುವುದಿಲ್ಲವಾ? ಹಾಗಂತ ಗ್ಯಾರಂಟಿ ಕೊಡುವವರನ್ನು ನಂಬಬೇಡಿ. ಇದರ ಹಿಂದಿನ ವಿಷಯ ಸ್ವಲ್ಪ ಬಿಡಿಸಿ ನೋಡೋಣ.

1988ರಲ್ಲಿ ಅಮೆರಿಕದ ನರವೈದ್ಯ ರಾಬರ್ಟ್ ಕಾಟ್ಜ್‌ಮನ್ ಮತ್ತು ಸಂಗಡಿಗರು ಒಂದು ಪ್ರಬಂಧ ಪ್ರಕಟಿಸಿದರು. ವೃದ್ಧಾಶ್ರಮದಲ್ಲಿದ್ದ 137 ಜನರ ಮೆದುಳನ್ನು ಸಾವಿನ ನಂತರ ಪರೀಕ್ಷಿಸಿದ್ದರು. ಅವರಲ್ಲಿ ಹತ್ತು ಜನರ ಮೆದುಳಿನಲ್ಲಿ ಆಲ್ಝೈಮರ್ ಗುರುತು ಸ್ಪಷ್ಟವಾಗಿತ್ತು. ಆದರೆ ಬದುಕಿದ್ದಾಗ ಅವರು ಚೆನ್ನಾಗಿಯೇ ಇದ್ದರು, ಮರೆವು ಅಂತ ಯಾರಿಗೂ ಅನಿಸಿರಲಿಲ್ಲ. ಕಾಯಿಲೆ ಇತ್ತು, ಲಕ್ಷಣ ಇರಲಿಲ್ಲ. ಇದರಿಂದ ಮೆದುಳಿನ ಉಳಿತಾಯ ಎಂಬ ಯೋಚನೆ ಬೆಳೆಯಿತು. ಓದು, ಕೆಲಸ, ಹವ್ಯಾಸ, ಜನರ ಒಡನಾಟ ಇವುಗಳಿಂದ ಮೆದುಳು ಒಂದಷ್ಟು ಜಾಸ್ತಿ ದಾರಿಗಳನ್ನು ಕಟ್ಟಿಕೊಂಡಿರುತ್ತದೆ. ಒಂದು ರಸ್ತೆ ಹಾಳಾದರೆ ಒಳದಾರಿಯಲ್ಲಿ ಹೋಗುತ್ತದೆ. ಕಾಯಿಲೆ ತಪ್ಪುವುದಿಲ್ಲ, ಅದು ಕಾಣಿಸಿಕೊಳ್ಳುವುದು ತಡವಾಗಬಹುದು.

ಹಾಗಾದರೆ ಎಂಥ ಕಲಿಕೆ? ಅಮೆರಿಕದಲ್ಲಿ 2,832 ಹಿರಿಯರ ಮೇಲೆ ನಡೆದ ಆಕ್ಟಿವ್ ಎಂಬ ದೊಡ್ಡ ಅಧ್ಯಯನದ ಮೊದಲ ಫಲಿತಾಂಶ 2002ರಲ್ಲಿ ಬಂತು. ನೆನಪಿನ ತರಬೇತಿ ಪಡೆದವರ ನೆನಪು ಸುಧಾರಿಸಿತು, ತರ್ಕದ ತರಬೇತಿ ಪಡೆದವರ ತರ್ಕ ಸುಧಾರಿಸಿತು. ಒಂದರ ಲಾಭ ಇನ್ನೊಂದಕ್ಕೆ ಹರಿಯಲಿಲ್ಲ. ಸುಡೊಕು ಮಾಡಿದರೆ ಸುಡೊಕು ಚೆನ್ನಾಗಿ ಬರುತ್ತದೆ, ಕನ್ನಡಕ ಎಲ್ಲಿಟ್ಟೆ ಅನ್ನುವುದು ನೆನಪಾಗಬೇಕು ಅಂತೇನಿಲ್ಲ.

ಇನ್ನೊಂದು ಪ್ರಯೋಗ ನನಗೆ ಜಾಸ್ತಿ ಇಷ್ಟ. ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿ ಡೆನಿಸ್ ಪಾರ್ಕ್ ಎಂಬ ಸಂಶೋಧಕಿ ಮಾಡಿದ್ದು, 2014ರಲ್ಲಿ ಪ್ರಕಟವಾಯಿತು. 60ರಿಂದ 90 ವರ್ಷದ ಇನ್ನೂರಕ್ಕೂ ಹೆಚ್ಚು ಜನರನ್ನು ಗುಂಪುಗಳಾಗಿ ವಿಂಗಡಿಸಿದರು. ಕೆಲವರಿಗೆ ಡಿಜಿಟಲ್ ಫೋಟೋಗ್ರಫಿ, ಕೆಲವರಿಗೆ ಕೌದಿ ಹೊಲಿಯುವುದು, ಕೆಲವರಿಗೆ ಎರಡೂ. ಮೂರು ತಿಂಗಳು, ವಾರಕ್ಕೆ ಸುಮಾರು 15 ಗಂಟೆ, ಎಲ್ಲವೂ ಹೊಸದಾಗಿ ಕಲಿಯಬೇಕು. ಇನ್ನೊಂದು ಗುಂಪು ಅಷ್ಟೇ ಹೊತ್ತು ಒಟ್ಟಿಗೆ ಸೇರಿ ಹರಟೆ, ಆಟ, ಸುತ್ತಾಟ ಮಾಡಿತು. ಮತ್ತೊಂದು ಗುಂಪು ಮನೆಯಲ್ಲೇ ಸಂಗೀತ ಕೇಳುವುದು, ಪದ ಜೋಡಿಸುವುದು ಹೀಗೆ ಸುಲಭದ ಕೆಲಸ ಮಾಡಿತು. ಕೊನೆಗೆ ನೆನಪಿನ ಪರೀಕ್ಷೆಯಲ್ಲಿ ಮುಂದೆ ಬಂದವರು ಕಷ್ಟದ್ದನ್ನು ಕಲಿತವರು, ಅದರಲ್ಲೂ ಫೋಟೋಗ್ರಫಿಯವರು. ಹರಟೆ ಗುಂಪಿನವರಿಗೆ ಅಂಥ ಏರಿಕೆ ಕಾಣಲಿಲ್ಲ. ಹರಟೆ ಬೇಡ ಅಂತ ನಾನು ಹೇಳುತ್ತಿಲ್ಲ, ಹರಟೆ ಇಲ್ಲದೆ ಯಾರು ಬರುತ್ತಾರೆ? ಆದರೆ ಹಿರಿಯರು ಪಾಪ ಅಂತ ಎಲ್ಲವನ್ನೂ ಸುಲಭ ಮಾಡಿ, ಅಂತ್ಯಾಕ್ಷರಿ, ತಂಬೋಲಾದಲ್ಲೇ ನಿಲ್ಲಿಸಿದರೆ ಅದು ಟೈಂಪಾಸ್ ಅಷ್ಟೇ. ವೇಗ ಇಳಿಸಬೇಕು, ವಿಷಯದ ಎತ್ತರ ಇಳಿಸಬಾರದು.

ಇದನ್ನು ದೊಡ್ಡದಾಗಿ ಮಾಡಿ ತೋರಿಸಿದ ಕಡೆಗಳು ಇವೆ. ಫ್ರಾನ್ಸಿನ ತುಲೂಸ್ ನಗರದಲ್ಲಿ 1973ರಲ್ಲಿ ಪಿಯೆರ್ ವೆಲ್ಲಾಸ್ ಎಂಬ ಪ್ರೊಫೆಸರ್ ತಮ್ಮ ವಿಶ್ವವಿದ್ಯಾಲಯದ ಬಾಗಿಲನ್ನು ನಿವೃತ್ತರಿಗೆ ತೆರೆದರು. ಅದಕ್ಕೆ ಮೂರನೇ ವಯಸ್ಸಿನ ವಿಶ್ವವಿದ್ಯಾಲಯ ಅಂತ ಹೆಸರಾಯಿತು. ಮೊದಲ ವಯಸ್ಸು ಬಾಲ್ಯ ಮತ್ತು ಓದು, ಎರಡನೆಯದು ದುಡಿಮೆ ಮತ್ತು ಸಂಸಾರ, ಮೂರನೆಯದು ಜವಾಬ್ದಾರಿ ಕಳೆದು ಕೈಕಾಲು ಗಟ್ಟಿಯಿರುವ ಕಾಲ. ನಮ್ಮ ವಾನಪ್ರಸ್ಥ ಇದ್ದ ಹಾಗೆ, ಆದರೆ ಕಾಡಿಗೆ ಹೋಗುವ ಬದಲು ಕಾಲೇಜಿಗೆ! ಫ್ರಾನ್ಸಿನಲ್ಲಿ ಪಾಠ ಹೇಳಿದವರು ವಿಶ್ವವಿದ್ಯಾಲಯದ ಪ್ರಾಧ್ಯಾಪಕರು.

ಈ ಯೋಚನೆ ಇಂಗ್ಲೆಂಡ್ ತಲುಪಿದಾಗ ಪೂರ್ತಿ ತಿರುವು ಪಡೆಯಿತು. ಇತಿಹಾಸಕಾರ ಪೀಟರ್ ಲಾಸ್ಲೆಟ್, ಸಮಾಜಶಾಸ್ತ್ರಜ್ಞ ಮೈಕೆಲ್ ಯಂಗ್, ಎರಿಕ್ ಮಿಡ್‌ವಿಂಟರ್ ಈ ಮೂವರು 1980ರ ದಶಕದ ಶುರುವಿನಲ್ಲಿ ಬೇರೆ ದಾರಿ ಹಿಡಿದರು. ವಿಶ್ವವಿದ್ಯಾಲಯವೇ ಬೇಡ, ಹಿರಿಯರಲ್ಲೇ ನಿವೃತ್ತ ಮೇಷ್ಟ್ರು, ಎಂಜಿನಿಯರ್, ನರ್ಸ್, ಬಡಗಿ ಎಲ್ಲ ಇದ್ದಾರಲ್ಲ ಅಂದರು. ಸೋಮವಾರ ಇತಿಹಾಸ ಕಲಿಸಿದವರು ಬುಧವಾರ ಇಟಾಲಿಯನ್ ತರಗತಿಯಲ್ಲಿ ವಿದ್ಯಾರ್ಥಿ. ಸಂಬಳ ಇಲ್ಲ, ಪರೀಕ್ಷೆ ಇಲ್ಲ, ಸರ್ಟಿಫಿಕೇಟ್ ಇಲ್ಲ, ಸೇರಲು ಯಾವ ಅರ್ಹತೆಯೂ ಬೇಡ. ಚಂದಾ ಅಲ್ಪ, ಜಾಗ ಚರ್ಚ್ ಹಾಲ್ ಅಥವಾ ಯಾರದೋ ಮನೆಯ ನಡುಮನೆ. ಈಗ ಬ್ರಿಟನ್ನಿನಲ್ಲಿ ಇಂಥ ಸಂಘಗಳು ಸಾವಿರ ದಾಟಿವೆ.

ಚೀನಾದಲ್ಲಿ ಶಾಂಡಾಂಗ್ ಪ್ರಾಂತ್ಯದಲ್ಲಿ 1983ರಲ್ಲಿ ಹಿರಿಯರ ಮೊದಲ ವಿಶ್ವವಿದ್ಯಾಲಯ ಶುರುವಾಯಿತು, ಅಲ್ಲಿ ಸರ್ಕಾರದ ಕೈ ಇದೆ. ದೊಡ್ಡ ನಗರಗಳಲ್ಲಿ ಸೀಟಿಗೆ ನೂಕುನುಗ್ಗಲು. ಕಾರಣ ತಮಾಷೆಯಾಗಿದೆ, ಕೋರ್ಸ್ ಮುಗಿದರೂ ಜನ ಬಿಟ್ಟು ಹೋಗುವುದಿಲ್ಲ, ಮತ್ತೆ ಹೆಸರು ಬರೆಸುತ್ತಾರೆ!

ನಮಗೆ ಹೊಂದುವುದು ಇಂಗ್ಲೆಂಡಿನ ದಾರಿ ಅಂತ ನನ್ನ ಅನಿಸಿಕೆ. ಭಜನಾ ಮಂಡಳಿ ನಡೆಸಿ ಗೊತ್ತಿರುವ ಊರಿಗೆ ಇದು ಹೊಸದೇನೂ ಅಲ್ಲ. ಆದರೆ ಒಂದು ವಿಷಯದಲ್ಲಿ ನಮ್ಮವರು ಇಂಗ್ಲಿಷರಿಗೆ ಉಲ್ಟಾ. ಅವರಿಗೆ ಪರೀಕ್ಷೆ ಬೇಡ, ನಮ್ಮವರಿಗೆ ಪರೀಕ್ಷೆ ಬೇಕು.

ಕೇರಳದ ಆಲಪ್ಪುಳ ಜಿಲ್ಲೆಯ ಕಾರ್ತ್ಯಾಯನಿ ಅಮ್ಮ ನೆನಪಿರಬಹುದು. ಶಾಲೆಯ ಮುಖ ಕಾಣದವರು. 2018ರಲ್ಲಿ, 96ನೇ ವಯಸ್ಸಿನಲ್ಲಿ, ಆ ರಾಜ್ಯದ ಸಾಕ್ಷರತಾ ಪರೀಕ್ಷೆ ಬರೆದು ನೂರಕ್ಕೆ 98 ಅಂಕ ತೆಗೆದರು. ಎರಡು ವರ್ಷದ ನಂತರ ರಾಷ್ಟ್ರಪತಿಗಳಿಂದ ನಾರಿಶಕ್ತಿ ಪುರಸ್ಕಾರ ಪಡೆದರು. ಆ ಅಂಕಕ್ಕೆ ನಾವು ನಗಬಾರದು. ಓದುವ ವಯಸ್ಸಿನಲ್ಲಿ ಪರೀಕ್ಷೆಗೆ ಕೂರಲು ಸಿಗದೇ ಹೋದವರಿಗೆ ಹಾಲ್ ಟಿಕೆಟ್ ಅನ್ನುವುದೇ ಒಂದು ಗೌರವ. ಮೂವತ್ತು ವರ್ಷ ಆಫೀಸಿನಲ್ಲಿ ಫೈಲ್ ನೋಡಿದವರಿಗೆ ಅದರ ಹಂಗು ಇಲ್ಲದಿರಬಹುದು.

ಪರೀಕ್ಷೆ ಬೇಕು ಅನ್ನುವವರಿಗೆ ದಾರಿಗಳಿವೆ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ಪ್ರವೇಶ, ಕಾವ, ಜಾಣ, ರತ್ನ ಎಂಬ ಪರೀಕ್ಷೆಗಳನ್ನು ನಡೆಸುತ್ತದೆ. ಬಿಟ್ಟುಹೋದ ಎಸ್ಸೆಸ್ಸೆಲ್ಸಿ ಮುಗಿಸಬೇಕು ಅಂದರೆ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಮೇಲಿನ ವಯಸ್ಸಿನ ಮಿತಿ ಇಲ್ಲ. ಡಿಗ್ರಿ ಆಸೆ ಇದ್ದರೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ಇದೆ. ಇಂಗ್ಲಿಷ್ ಬಲ್ಲವರು ಎನ್‌ಪಿಟಿಇಎಲ್, ಸ್ವಯಂ ತಾಣಗಳಲ್ಲಿ ಐಐಟಿ ಪ್ರಾಧ್ಯಾಪಕರ ಪಾಠವನ್ನು ಪುಕ್ಕಟೆ ಕೇಳಬಹುದು, ಪರೀಕ್ಷೆ ಬರೆದರೆ ಮಾತ್ರ ಶುಲ್ಕ. ಆದರೆ ಒಬ್ಬರೇ ಕೂತು ವಿಡಿಯೊ ನೋಡುವುದು ಬಹಳ ದಿನ ನಡೆಯುವುದಿಲ್ಲ. ನಾಲ್ಕು ಜನ ಒಂದೇ ಪಾಠ ನೋಡಿ, ಆಮೇಲೆ ಕಾಫಿ ಕುಡಿಯುತ್ತಾ ಜಗಳ ಆಡಿದರೆ ನಡೆಯುತ್ತದೆ.

ಇನ್ನು ಮೊಬೈಲ್. ಹಿರಿಯರಿಗೆ ಮೊಬೈಲ್ ಬರದೇ ಇರುವುದಕ್ಕೆ ಅರ್ಧ ಕಾರಣ ಮಕ್ಕಳು. "ಕೊಡಮ್ಮ ಇಲ್ಲಿ" ಅಂತ ಕಸಿದುಕೊಂಡು ಎರಡು ಸೆಕೆಂಡಿನಲ್ಲಿ ಮಾಡಿ ಕೊಡುತ್ತೇವೆ. ಕೆಲಸ ಆಗುತ್ತದೆ, ಕಲಿಕೆ ಆಗುವುದಿಲ್ಲ. ಸೈಕಲ್ ಬೇರೆಯವರು ತುಳಿದರೆ ನಮಗೆ ಬರುತ್ತದಾ? ಕೈಗೆ ಕಲಿಸಬೇಕಾದ್ದನ್ನು ಕೈಯಿಂದಲೇ ಮಾಡಿಸಬೇಕು. ಕಲಿಸುವವರು ತಮ್ಮ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರೆ ಒಳ್ಳೆಯದು.

ಸಣ್ಣ ತಾಂತ್ರಿಕ ವಿಷಯಗಳೂ ಇವೆ. ಸ್ಕ್ರೀನ್ ಬೆರಳನ್ನು ಗುರುತಿಸುವುದು ಚರ್ಮದ ಮೂಲಕ ಹಾಯುವ ವಿದ್ಯುತ್ತಿನ ಅತಿ ಸಣ್ಣ ವ್ಯತ್ಯಾಸದಿಂದ. ವಯಸ್ಸಾದವರ ಬೆರಳು ಒಣಗಿರುತ್ತದೆ, ಆಗ ಸ್ಪರ್ಶ ಸರಿಯಾಗಿ ದಾಖಲಾಗುವುದಿಲ್ಲ. ಅವರು ಇನ್ನೂ ಗಟ್ಟಿಯಾಗಿ, ಇನ್ನೂ ಹೊತ್ತು ಒತ್ತುತ್ತಾರೆ. ಫೋನ್ ಅದನ್ನು ಒತ್ತಿ ಹಿಡಿದದ್ದು ಅಂತ ತಿಳಿದು ಬೇರೇನೋ ತೆರೆಯುತ್ತದೆ. "ನನ್ನ ಕೈಗೆ ಬಂದ್ರೆ ಹಾಳಾಗುತ್ತೆ" ಅನ್ನುವ ಭಯ ಹುಟ್ಟುವುದು ಇಲ್ಲೇ. ಸೆಟ್ಟಿಂಗ್ಸ್‌ನಲ್ಲಿ ಒತ್ತಿ ಹಿಡಿಯುವ ಸಮಯವನ್ನು ಉದ್ದ ಮಾಡಬಹುದು, ಅಕ್ಷರ ದೊಡ್ಡದು ಮಾಡಬಹುದು. ಬೆರಳಿಗೆ ಚೂರು ಕ್ರೀಮ್ ಹಚ್ಚಿಕೊಂಡರೂ ಆಗುತ್ತದೆ. ಈ ಮೂರು ಮಾಡಿದರೆ ಮೊದಲ ದಿನದ ಅಳುಕು ಎಷ್ಟೋ ಹೋಗುತ್ತದೆ.

ಮೋಸದ ಪಾಠ ಕೂಡ ಭಾಷಣದಲ್ಲಿ ತಲೆಗೆ ಹೋಗುವುದಿಲ್ಲ. ಡಿಜಿಟಲ್ ಅರೆಸ್ಟ್ ಅನ್ನುವುದು ಕಾನೂನಿನಲ್ಲೇ ಇಲ್ಲ, ದುಡ್ಡು ಹೋದರೆ ತಕ್ಷಣ 1930ಕ್ಕೆ ಫೋನ್ ಮಾಡಿ ಅಂತ ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಅದರ ಬದಲು ತರಗತಿಯಲ್ಲೇ ಒಬ್ಬರು ಸುಳ್ಳು ಪೊಲೀಸ್ ಆಗಿ ಗದರಿಸಬೇಕು, ಇನ್ನೊಬ್ಬರು ಕಾಲ್ ಕಟ್ ಮಾಡಬೇಕು. ಎದುರಿನವರ ಮಾತನ್ನು ಅರ್ಧದಲ್ಲಿ ಕಡಿಯುವುದು ನಮ್ಮ ಹಿರಿಯರಿಗೆ ಮರ್ಯಾದೆಯಲ್ಲ ಅನಿಸುತ್ತದೆ. ಅದಕ್ಕೇ ಅಭ್ಯಾಸ ಬೇಕು.

ಕೊನೆಗೆ ಪುಸ್ತಕಗಳಲ್ಲಿ ಬರೆಯದ ವಿಷಯ. ತರಗತಿಗೆ ಯಾರು ಬರುವುದಿಲ್ಲ ಅಂತ ನೋಡಬೇಕು. ಶಾಲೆಯಿಂದ ಮೊಮ್ಮಗುವನ್ನು ಕರೆತರಬೇಕಾದ ಅಜ್ಜಿ ಮೂರು ಗಂಟೆಯ ತರಗತಿಗೆ ಬರುವುದಿಲ್ಲ. ಮೊಣಕಾಲು ನೋವಿನವರು ಮೊದಲ ಮಹಡಿಗೆ ಬರುವುದಿಲ್ಲ. ಸಕ್ಕರೆ ಕಾಯಿಲೆಯವರು ಬಾತ್‌ರೂಮ್ ಇಲ್ಲದ ಕಡೆ ಬರುವುದಿಲ್ಲ, ಕಾರಣವನ್ನೂ ಹೇಳುವುದಿಲ್ಲ. "ಮನೇಲಿ ಕೆಲಸ ಇತ್ತು" ಅಂತಾರೆ ಅಷ್ಟೇ.

ಕಳೆದ ವರ್ಷ ನಾವು ಮೊಬೈಲ್ ತರಗತಿಯನ್ನು ಮತ್ತೆ ಶುರು ಮಾಡಿದೆವು. ಈ ಸಲ ನೆಲಮಹಡಿಯಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ. ಪ್ರೊಜೆಕ್ಟರ್ ಇಲ್ಲ. ಒಂಬತ್ತು ಜನ, ಮೂರು ಮೇಜು. ಒಂದು ದಿನಕ್ಕೆ ಒಂದೇ ವಿಷಯ, ಅವರವರ ನೋಟ್‌ಬುಕ್ಕಿನಲ್ಲಿ ಅವರದೇ ಕನ್ನಡದಲ್ಲಿ ಹೆಜ್ಜೆ ಬರೆದುಕೊಳ್ಳಬೇಕು. ಹೋದ ವಾರದ್ದನ್ನು ಒಪ್ಪಿಸಿದ ಮೇಲೆಯೇ ಹೊಸದು. ಕಲಿಸುವವರು ಆ ಕ್ಯಾಷಿಯರ್ ಸಾಹೇಬರೇ. ಮೊದಲು ಬಂದಿದ್ದ ಹುಡುಗನೂ ಬರುತ್ತಾನೆ, ಪಕ್ಕದಲ್ಲಿ ಸುಮ್ನೆ ಕೂತಿರುತ್ತಾನೆ, ಕರೆದರೆ ಏಳುತ್ತಾನೆ. ಬಸ್ಸು, ಹಾಲು, ಔಷಧಿ ಅಂಗಡಿ ಎಲ್ಲ ಯುಪಿಐನಲ್ಲಿ ದಾಟಿ ಈಗ ಆಧಾರ್ ತಾಣಕ್ಕೆ ಬಂದಿದ್ದಾರೆ.

ಈಗ ಅಲ್ಲಿ ಒಂದು ಜಗಳ ನಡೆದಿದೆ. ಕೊನೆಗೆ ಪರೀಕ್ಷೆ ಇಡಿ, ಸರ್ಟಿಫಿಕೇಟ್ ಕೊಡಿ ಅಂತ ಐದು ಜನ ಹಟ ಹಿಡಿದಿದ್ದಾರೆ. ಪರೀಕ್ಷೆ ಇಟ್ಟರೆ ನಾವು ಬರುವುದೇ ಇಲ್ಲ ಅಂತ ಉಳಿದ ನಾಲ್ಕು ಜನ. ಮುಂದಿನ ಮಂಗಳವಾರ ಕೈ ಎತ್ತಿಸಿ ತೀರ್ಮಾನ ಮಾಡುವುದು ಅಂತ ಆಗಿದೆ. ಕ್ಯಾಷಿಯರ್ ಸಾಹೇಬರು ಪ್ರಶ್ನೆಪತ್ರಿಕೆಯನ್ನು ಆಗಲೇ ಬರೆದಿಟ್ಟಿದ್ದಾರೆ ಅಂತ ಸುದ್ದಿ.